ರೈತರ ಬಿಲ್ಲಿನಲ್ಲಿ ಮುರಿಯುವ ಪ್ರಚಾರ ವಂತಿಗೆ: ಅಮೆರಿಕದ ‘ಚೆಕ್‌ಆಫ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ರೈತ ದನ, ಹಾಲು, ಸೋಯಾ, ಹತ್ತಿ ಮಾರಿದಾಗ ಅವನ ಬಿಲ್ಲಿನಲ್ಲಿ ಒಂದಿಷ್ಟು ದುಡ್ಡು ಮುರಿದುಕೊಳ್ಳುತ್ತಾರೆ. ಆ ದುಡ್ಡು ಅದೇ ಮಾಲಿನ ಪ್ರಚಾರಕ್ಕೆ, ಸಂಶೋಧನೆಗೆ ಹೋಗುತ್ತದೆ. ಅಲ್ಲಿ ಇದನ್ನು ಚೆಕ್‌ಆಫ್ ಅನ್ನುತ್ತಾರೆ. ಈ ವಿಷಯ ಎತ್ತಿದಾಗಲೆಲ್ಲ ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಜಗಳದ್ದು ಕೊನೆಗೆ.

## ಮೊದಲು ತಿಳಿಯಬೇಕಾದ್ದು

ಇದು ತೆರಿಗೆನಾ, ಚಂದಾನಾ? ಒಂದೇ ಮಾತಲ್ಲಿ ಹೇಳಿ.

ಕಡ್ಡಾಯ ವಂತಿಗೆ. ಸರ್ಕಾರದ ಖಜಾನೆಗೆ ಹೋಗುವುದಿಲ್ಲ, ಹಾಗಾಗಿ ಮಾಮೂಲಿ ತೆರಿಗೆ ಅಲ್ಲ. ಇಷ್ಟ ಇದ್ದರೆ ಕೊಡಿ ಅನ್ನುವ ಮಾತೂ ಇಲ್ಲ, ಹಾಗಾಗಿ ಚಂದಾನೂ ಅಲ್ಲ.

ಅಲ್ಲಿನ ಸಂಸತ್ತು ಕಾಯ್ದೆ ಮಾಡುತ್ತದೆ. ಒಂದೊಂದು ಮಾಲಿಗೂ ಒಂದೊಂದು ಮಂಡಳಿ ಇರುತ್ತದೆ. ಮಂಡಳಿಗೆ ಹೆಸರು ಸೂಚಿಸುವವರು ಬೆಳೆಗಾರರು, ಅವರ ಸಂಘಗಳು. ನೇಮಿಸುವವರು ಕೃಷಿ ಸಚಿವರು. ದುಡ್ಡು ಖರ್ಚು ಮಾಡುವುದು ಮಂಡಳಿ, ಮೇಲೆ ಕಣ್ಣಿಡುವುದು ಕೃಷಿ ಇಲಾಖೆ. ಹೀಗೆ ಕಣ್ಣಿಡುವುದಕ್ಕೆ ಇಲಾಖೆಗೆ ತಗಲುವ ಖರ್ಚನ್ನೂ ಮಂಡಳಿಯೇ ಭರಿಸಬೇಕು. ಅಂದರೆ ಕಾವಲುಗಾರನ ಸಂಬಳವೂ ರೈತನ ಲೆಕ್ಕದಲ್ಲೇ.

ನಮ್ಮ ಎಪಿಎಂಸಿ ಸೆಸ್ ಇದ್ದ ಹಾಗೆ ಅಲ್ವಾ?

ಬಿಲ್ಲಿನಲ್ಲಿ ಕಾಣುವ ರೀತಿ ಒಂದೇ, ಕೆಲಸ ಬೇರೆ. ಎಪಿಎಂಸಿ ಶುಲ್ಕ ಮಾರುಕಟ್ಟೆಯ ಪ್ರಾಂಗಣ ನಡೆಸೋದಕ್ಕೆ. ಕಾಯ್ದೆ ಪ್ರಕಾರ ಅದನ್ನು ಕೊಡಬೇಕಾದವನು ಖರೀದಿದಾರ. ಚೆಕ್‌ಆಫ್ ಹಾಗಲ್ಲ. ಅದು ಮಾರುವವನ ಜೇಬಿನದ್ದು. ಅದರಿಂದ ಒಂದು ಕಲ್ಲುಚಪ್ಪಡಿಯನ್ನೂ ಹಾಕಿಸುವುದಿಲ್ಲ. ಅದರ ಗುರಿ ಗಿರಾಕಿ.

ಇದು ಯಾಕೆ ಶುರುವಾಯ್ತು? ಬೆಳೆಯೋರು ಯಾಕೆ ಜಾಹೀರಾತು ಕೊಡಬೇಕು?

ಸೋಪು, ಕೋಲಾಕ್ಕೆ ಕಂಪನಿ ಇದೆ, ಜಾಹೀರಾತು ಕೊಡುತ್ತದೆ. ಆಲೂಗಡ್ಡೆಗೆ ಯಾರಿದ್ದಾರೆ? ಒಬ್ಬ ರೈತ ಕೈಯಿಂದ ಹಾಕಿ ಜಾಹೀರಾತು ಕೊಟ್ಟರೆ ಲಾಭ ಊರಿಗೆಲ್ಲ, ಖರ್ಚು ಅವನೊಬ್ಬನಿಗೆ. ಹಾಗಾಗಿ ಯಾರೂ ಕೊಡುವುದಿಲ್ಲ. ಎಲ್ಲರೂ ಸೇರಿ ಸ್ವಲ್ಪ ಸ್ವಲ್ಪ ಹಾಕೋಣ ಅಂದರೆ ಅರ್ಧ ಜನ ಹಾಕದೆ ಸುಮ್ನೆ ಲಾಭ ಪಡೆಯುತ್ತಾರೆ. ಕಡ್ಡಾಯ ಮಾಡಿದ್ದಕ್ಕೆ ಇದೇ ಕಾರಣ.

ಮೊದಲು ರಾಜ್ಯಗಳು ಶುರು ಮಾಡಿದವು. 1935ರಲ್ಲಿ ಫ್ಲೋರಿಡಾ ಕಿತ್ತಳೆ ಜಾತಿಯ ಹಣ್ಣುಗಳಿಗೆ, 1937ರಲ್ಲಿ ವಾಷಿಂಗ್ಟನ್ ರಾಜ್ಯ ಸೇಬಿಗೆ ಆಯೋಗ ಮಾಡಿಕೊಂಡವು. ಆಮೇಲೆ ಪಾಲಿಯೆಸ್ಟರ್ ಬಂದು ಹತ್ತಿಯ ವ್ಯಾಪಾರ ಕೆಡಿಸಿತು. 1966ರಲ್ಲಿ ಹತ್ತಿಗೆ ರಾಷ್ಟ್ರಮಟ್ಟದ ಕಾಯ್ದೆ ಬಂತು. ಆಲೂಗಡ್ಡೆಗೆ 1971, ಮೊಟ್ಟೆಗೆ 1974, ಹಾಲಿಗೆ 1983, ದನ ಮತ್ತು ಹಂದಿಗೆ 1985, ಸೋಯಾಗೆ 1990. ಪ್ರತಿ ಬೆಳೆಗೂ ಒಂದೊಂದು ಕಾಯ್ದೆ ಮಾಡಿ ಸಾಕಾಗಿ 1996ರಲ್ಲಿ ಒಂದು ಸಾಮಾನ್ಯ ಕಾಯ್ದೆ ಮಾಡಿದರು. ಈಗ ಹೊಸ ಬೆಳೆಗೆ ಕೃಷಿ ಇಲಾಖೆಯೇ ಮಂಡಳಿ ಮಾಡಬಹುದು. ಮೆಕ್ಕೆಜೋಳಕ್ಕೆ, ಗೋಧಿಗೆ ಮಾತ್ರ ಇವತ್ತಿಗೂ ರಾಷ್ಟ್ರೀಯ ಚೆಕ್‌ಆಫ್ ಇಲ್ಲ. ಅವನ್ನು ರಾಜ್ಯಗಳೇ ನಡೆಸುತ್ತವೆ.

ಒಬ್ಬ ರೈತನಿಂದ ಎಷ್ಟು ಹೋಗುತ್ತೆ?

ಒಂದೊಂದು ಮಾಲಿಗೆ ಒಂದೊಂದು ಲೆಕ್ಕ.

ದನಕ್ಕೆ ತಲೆಗೆ 1 ಡಾಲರ್. 1986ರಲ್ಲಿ ವಸೂಲಿ ಶುರುವಾದಾಗಲೂ 1 ಡಾಲರ್, ಈಗಲೂ ರಾಷ್ಟ್ರಮಟ್ಟದಲ್ಲಿ ಅಷ್ಟೇ. ಕೆಲವು ರಾಜ್ಯಗಳು ಮೇಲೆ ತಮ್ಮದೂ ಸೇರಿಸುತ್ತವೆ. ಹಾಲಿಗೆ 100 ಪೌಂಡಿಗೆ, ಅಂದರೆ ಸುಮಾರು 45 ಕೆಜಿಗೆ, 15 ಸೆಂಟ್. ಸೋಯಾಗೆ ಮಾರಿದ ಬೆಲೆಯಲ್ಲಿ 100 ಡಾಲರಿಗೆ ಅರ್ಧ ಡಾಲರ್. ಹಂದಿಗೆ 100 ಡಾಲರ್ ವ್ಯಾಪಾರಕ್ಕೆ 35 ಸೆಂಟ್. 2023ಕ್ಕೆ ಮುಂಚೆ 40 ಇತ್ತು. ಹತ್ತಿಗೆ ಒಂದು ಬೇಲ್‌ಗೆ, ಅಂದರೆ ಒತ್ತಿ ಕಟ್ಟಿದ ಒಂದು ಮೂಟೆಗೆ, 1 ಡಾಲರ್, ಅದರ ಮೇಲೆ ಬೆಲೆಯಲ್ಲಿ 100 ಡಾಲರಿಗೆ ಅರ್ಧ ಡಾಲರ್.

ಹಾಲಿನ ಲೆಕ್ಕವನ್ನೇ ಹಿಡಿಯೋಣ. ಅಲ್ಲಿ ಒಂದು ಹಸು ವರ್ಷಕ್ಕೆ ಸುಮಾರು 24,000 ಪೌಂಡ್ ಹಾಲು ಕೊಡುತ್ತದೆ. 100 ಹಸು ಇಟ್ಟವನ ಹಾಲು 24 ಲಕ್ಷ ಪೌಂಡ್. ಅವನು ಕಟ್ಟುವ ವಂತಿಗೆ ವರ್ಷಕ್ಕೆ 3,600 ಡಾಲರ್. ಹಾಲಿಗೆ ಬೆಲೆ ಬಂದ ವರ್ಷ ಇದು ಕಣ್ಣಿಗೇ ಬೀಳುವುದಿಲ್ಲ. ಬೆಲೆ ಬಿದ್ದ ವರ್ಷವೂ ಇಷ್ಟೇ ಹೋಗುತ್ತದೆ, ಯಾಕೆಂದರೆ ಇದು ತೂಕದ ಮೇಲೆ, ಬೆಲೆಯ ಮೇಲಲ್ಲ. ಸೋಯಾದವನಿಗೆ ಆ ತಾಪತ್ರಯ ಇಲ್ಲ. ಬೆಲೆ ಇಳಿದರೆ ವಂತಿಗೆಯೂ ಇಳಿಯುತ್ತದೆ.

ವಸೂಲಿ ಮಾಡೋರು ಯಾರು? ರೈತ ಹೋಗಿ ಕಟ್ಟಬೇಕಾ?

ಇಲ್ಲ. ಕೊಳ್ಳುವವನೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾನೆ: ಧಾನ್ಯದ ಗೋದಾಮು, ಹಾಲಿನ ಸಹಕಾರ ಸಂಘ, ದನದ ಹರಾಜು ಕಟ್ಟೆ. ಅವನು ಅದನ್ನು ರಾಜ್ಯ ಅಥವಾ ರಾಷ್ಟ್ರದ ಮಂಡಳಿಗೆ ಕಳಿಸಬೇಕು.

ದನದ ವಿಷಯದಲ್ಲಿ ಒಂದು ವಿಶೇಷ ಇದೆ. ಮಾರಿದ ಪ್ರತಿ ಸಲವೂ 1 ಡಾಲರ್. ಕರು ಸಾಕಿದವನು ಮಾರಿದಾಗ ಒಂದು, ಮೇಯಿಸಿ ಬೆಳೆಸಿದವನು ಮಾರಿದಾಗ ಇನ್ನೊಂದು, ಕೊಬ್ಬಿಸಿ ಕಸಾಯಿಖಾನೆಗೆ ಕೊಟ್ಟವನಿಂದ ಮತ್ತೊಂದು. ಒಂದೇ ದನದ ಮೇಲೆ ಮೂರು ಡಾಲರ್ ಬೀಳುವುದು ಮಾಮೂಲಿ.

ವಸೂಲಾದದ್ದೆಲ್ಲ ಒಂದೇ ಕಡೆ ಹೋಗುವುದಿಲ್ಲ. ದನದ ಡಾಲರಿನಲ್ಲಿ 50 ಸೆಂಟ್ ತನಕ ರಾಜ್ಯದ ಮಂಡಳಿ ಇಟ್ಟುಕೊಳ್ಳಬಹುದು. ಸೋಯಾದಲ್ಲೂ ಅರ್ಧಕ್ಕರ್ಧ. ಹಾಲಿನ 15 ಸೆಂಟಿನಲ್ಲಿ 10 ಸೆಂಟ್ ರಾಜ್ಯದ ಅಥವಾ ಪ್ರಾಂತ್ಯದ ಕಾರ್ಯಕ್ರಮಕ್ಕೆ ಹೋಗಬಹುದು.

ಹೊರದೇಶದಿಂದ ಬರೋ ಮಾಲಿಗೂ ಇದೆಯಾ?

ಬಹಳಷ್ಟಕ್ಕೆ ಇದೆ. ದನ, ದನದ ಮಾಂಸ ತರಿಸುವವರೂ ಕಟ್ಟುತ್ತಾರೆ. ಹತ್ತಿಗೆ 1990ರ ತಿದ್ದುಪಡಿಯಿಂದ ಆಮದುದಾರರೂ ಸೇರಿದರು. ಹಾಲಿನ ಪದಾರ್ಥಗಳ ಆಮದಿಗೆ 2011ರಿಂದ 100 ಪೌಂಡ್ ಹಾಲಿನ ಲೆಕ್ಕಕ್ಕೆ 7.5 ಸೆಂಟ್, ಅಂದರೆ ಅಲ್ಲಿನ ರೈತ ಕೊಡುವುದರ ಅರ್ಧ. ಮಾವಿನ ಮಂಡಳಿಯಂತೂ ನಡೆಯುವುದೇ ಆಮದುದಾರರ ದುಡ್ಡಿನಲ್ಲಿ, ಯಾಕೆಂದರೆ ಅಲ್ಲಿ ತಿನ್ನುವ ಮಾವು ಹೆಚ್ಚುಕಡಿಮೆ ಪೂರ್ತಿ ಹೊರಗಿನದು.

ಯಾರಿಗಾದ್ರೂ ವಿನಾಯಿತಿ ಉಂಟಾ?

ಉಂಟು. 75,000ಕ್ಕಿಂತ ಕಡಿಮೆ ಕೋಳಿ ಇಟ್ಟವರು ಮೊಟ್ಟೆಯ ವಂತಿಗೆ ಕಟ್ಟಬೇಕಿಲ್ಲ. ಸಾವಯವ ಬೆಳೆಗಾರರು ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು; 2014ರ ಕೃಷಿ ಕಾಯ್ದೆ ಈ ಬಾಗಿಲನ್ನು ಇನ್ನಷ್ಟು ಅಗಲ ಮಾಡಿತು. ಇವರಿಗೆಂದೇ ಸಾವಯವ ಚೆಕ್‌ಆಫ್ ಮಾಡುವ ಪ್ರಸ್ತಾವ ಬಂದಿತ್ತು. ಸಾವಯವ ರೈತರಲ್ಲೇ ಒಮ್ಮತ ಇರಲಿಲ್ಲ. 2018ರಲ್ಲಿ ಇಲಾಖೆ ಅದನ್ನು ಕೈಬಿಟ್ಟಿತು.

## ದುಡ್ಡು ಎಲ್ಲಿಗೆ ಹೋಗುತ್ತೆ

ಬರೀ ಟಿವಿ ಜಾಹೀರಾತಿಗೇನಾ?

ಜಾಹೀರಾತು ಎದ್ದು ಕಾಣುತ್ತದೆ, ಅಷ್ಟೇ. ನನ್ನ ಮಟ್ಟಿಗೆ ಈ ದುಡ್ಡಿನ ಒಳ್ಳೆಯ ಕೆಲಸ ನಡೆದಿರುವುದು ಲ್ಯಾಬುಗಳಲ್ಲಿ.

ಫ್ಲಾಟ್ ಐರನ್ ಅನ್ನುವ ಮಾಂಸದ ತುಂಡಿನ ಕಥೆ ನೋಡಿ. ದನದ ಭುಜದಲ್ಲಿ ಒಂದು ಸ್ನಾಯು ಇದೆ. ಅದರ ನಟ್ಟನಡುವೆ ಉದ್ದಕ್ಕೂ ಒಂದು ಗಟ್ಟಿ ಪೊರೆ ಹಾದುಹೋಗುತ್ತದೆ. ಜಗಿಯೋಕೆ ಆಗುವುದಿಲ್ಲ ಅಂತ ಆ ಭಾಗವನ್ನೆಲ್ಲ ಅಗ್ಗದ ರೇಟಿಗೆ ಕೊಡುತ್ತಿದ್ದರು, ಇಲ್ಲವೇ ಕೀಮಾಕ್ಕೆ ಹಾಕುತ್ತಿದ್ದರು. ನೆಬ್ರಾಸ್ಕಾ ಮತ್ತು ಫ್ಲೋರಿಡಾ ವಿಶ್ವವಿದ್ಯಾಲಯಗಳವರು ಚೆಕ್‌ಆಫ್ ದುಡ್ಡಿನಲ್ಲಿ ದನದ ಒಂದೊಂದೇ ಸ್ನಾಯು ಬಿಡಿಸಿ ಎಷ್ಟು ಮೆತ್ತಗಿದೆ ಅಂತ ಅಳೆದರು. ಆ ಪೊರೆಯೊಂದನ್ನು ಬಿಡಿಸಿ ತೆಗೆದರೆ ಉಳಿಯುವುದು ಇಡೀ ದನದಲ್ಲೇ ಅತಿ ಮೆತ್ತನೆಯ ತುಂಡುಗಳಲ್ಲಿ ಒಂದು ಅಂತ ಗೊತ್ತಾಯಿತು. ಈಗ ಅದನ್ನು ಹೋಟೆಲುಗಳಲ್ಲಿ ಸ್ಟೇಕ್ ಮಾಡಿ ಮಾರುತ್ತಾರೆ. ದನ ಅದೇ, ಕತ್ತಿ ಆಡಿಸುವ ದಾರಿ ಬದಲಾಯಿತು.

ಸೋಯಾದವರೂ ಕಮ್ಮಿ ಇಲ್ಲ. ಸೋಯಾ ಎಣ್ಣೆ ಮಿಕ್ಕಿ ಬಿದ್ದಿದ್ದಾಗ 1992ರಲ್ಲಿ ರಾಜ್ಯಗಳ ಸೋಯಾ ಮಂಡಳಿಗಳು ಸೇರಿ ಬಯೋಡೀಸೆಲ್‌ಗಾಗಿ ಒಂದು ಸಂಸ್ಥೆ ಕಟ್ಟಿದವು. ಫೋರ್ಡ್ ಕಾರುಗಳ ಸೀಟಿನ ಫೋಮ್‌ಗೆ, ಗುಡ್‌ಇಯರ್ ಟೈರಿಗೆ ಸೋಯಾ ಎಣ್ಣೆ ಸೇರಿದ್ದರ ಹಿಂದೆಯೂ ಇದೇ ದುಡ್ಡು ಇದೆ.

‘ಗಾಟ್ ಮಿಲ್ಕ್?’ (ಹಾಲಿದೆಯಾ?) ಜಾಹೀರಾತು ರೈತರ ದುಡ್ಡಿನದ್ದೇ ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. 1993ರಲ್ಲಿ ಅದನ್ನು ಶುರು ಮಾಡಿದ್ದು ಕ್ಯಾಲಿಫೋರ್ನಿಯಾದ ಹಾಲು ಸಂಸ್ಕರಿಸುವವರ ಮಂಡಳಿ. ಅಂದರೆ ಹಾಲು ಕರೆಯುವವರಲ್ಲ, ಪ್ಯಾಕ್ ಮಾಡಿ ಮಾರುವವರು. ಆಮೇಲೆ ಆ ಘೋಷಣೆ ದೇಶದ ತುಂಬ ಹೋಯಿತು. ಹೆಸರಾಂತರ ತುಟಿಯ ಮೇಲೆ ಹಾಲಿನ ಮೀಸೆ ಮೂಡಿಸಿ ತೆಗೆದ ಜಾಹೀರಾತಿನ ಫೋಟೋಗಳ ಹಿಂದಿದ್ದದ್ದೂ ಸಂಸ್ಕರಿಸುವವರ ರಾಷ್ಟ್ರೀಯ ಕಾರ್ಯಕ್ರಮವೇ. ಹೈನುಗಾರರ 15 ಸೆಂಟ್ ಬೇರೆ, ಸಂಸ್ಕರಿಸುವವರು ಕಟ್ಟುವುದು ಬೇರೆ. ಪೂರ್ತಿ ರೈತರ ವಂತಿಗೆಯಿಂದ ಬಂದ ಘೋಷಣೆ ಬೇಕಿದ್ದರೆ 1977ರ ‘ಇನ್‌ಕ್ರೆಡಿಬಲ್, ಎಡಿಬಲ್ ಎಗ್’ ನೋಡಿ. ಅದು ಮೊಟ್ಟೆ ಮಂಡಳಿಯದು.

ಏನಕ್ಕೆ ಖರ್ಚು ಮಾಡೋ ಹಾಗಿಲ್ಲ?

ರಾಜಕೀಯಕ್ಕೆ, ಸರ್ಕಾರದ ನೀತಿ ಬದಲಿಸುವ ಲಾಬಿಗೆ ಒಂದು ಸೆಂಟೂ ಹೋಗಬಾರದು. ಇನ್ನೊಂದು ಮಾಲನ್ನು ಹೀಯಾಳಿಸಬಾರದು.

ಈ ಗೆರೆ ದಾಟಿದ ಪ್ರಕರಣಗಳಿವೆ. 2015ರಲ್ಲಿ ಅಮೆರಿಕದ ಮೊಟ್ಟೆ ಮಂಡಳಿಯ ಇಮೇಲುಗಳು ಹೊರಬಂದವು. ಹ್ಯಾಂಪ್ಟನ್ ಕ್ರೀಕ್ ಅನ್ನುವ ಕಂಪನಿ ಮೊಟ್ಟೆ ಇಲ್ಲದ ಮೇಯನೇಸ್ ಮಾರುತ್ತಿತ್ತು. ಅದನ್ನು ಅಂಗಡಿಯಿಂದ ತೆಗೆಸೋದು ಹೇಗೆ ಅಂತ ಮಂಡಳಿಯಲ್ಲಿ ಮಾತುಕತೆ ನಡೆದಿತ್ತು. ಮಂಡಳಿ ತನ್ನ ವ್ಯಾಪ್ತಿ ಮೀರಿದೆ ಅಂತ ಕೃಷಿ ಇಲಾಖೆ 2016ರಲ್ಲಿ ಹೇಳಿತು. ಮಂಡಳಿಯ ಮುಖ್ಯಸ್ಥರು ಅಷ್ಟರಲ್ಲೇ ಅವಧಿಗೆ ಮುಂಚೆ ನಿವೃತ್ತಿ ತಗೊಂಡಿದ್ದರು.

## ಲಾಭ ಇದೆಯಾ

1 ಡಾಲರ್ ಹಾಕಿದರೆ 11 ಡಾಲರ್ ಬರುತ್ತೆ ಅಂತಾರೆ. ನಂಬಬಹುದಾ?

ಲೆಕ್ಕ ಸುಳ್ಳಲ್ಲ. ಆದರೆ ಯಾವ ಪ್ರಶ್ನೆಗೆ ಉತ್ತರ ಅಂತ ನೋಡಬೇಕು.

ಐದು ವರ್ಷಕ್ಕೊಮ್ಮೆ ಹೊರಗಿನವರಿಂದ ಮೌಲ್ಯಮಾಪನ ಮಾಡಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ದನದ ಮಂಡಳಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2019ರಲ್ಲಿ ಕೊಟ್ಟ ಅಂಕಿ 11.91. ಅಂದರೆ ಹಾಕಿದ 1 ಡಾಲರಿಗೆ ಉದ್ಯಮಕ್ಕೆ ಬಂದ ಲಾಭ ಸರಾಸರಿ 11.91 ಡಾಲರ್. ಪ್ರಚಾರ ಇಲ್ಲದೇ ಇದ್ದಿದ್ದರೆ ಎಷ್ಟು ಮಾರಾಟ ಆಗುತ್ತಿತ್ತು ಅಂತ ಮಾದರಿ ಕಟ್ಟಿ, ನಿಜವಾದ ಮಾರಾಟದ ಜೊತೆ ಹೋಲಿಸಿ ತೆಗೆದ ಅಂಕಿ ಅದು.

ನನಗೆ ಇಲ್ಲಿ ಎರಡು ಅನುಮಾನ. ಒಂದು, ಸರಾಸರಿ ಅಂದಮೇಲೆ ಅದರಲ್ಲಿ ಎಲ್ಲರೂ ಇದ್ದಾರೆ. ಹತ್ತು ದನದವನ ಪಾಲಿಗೆ ಎಷ್ಟು ಬಂತು ಅನ್ನುವುದು ಈ ಅಂಕಿಯಲ್ಲಿ ಕಾಣುವುದಿಲ್ಲ. ಬೇಡಿಕೆ ಏರಿದಾಗ ಬೆಲೆಯ ಏರಿಕೆ ಎಲ್ಲರಿಗೂ ಒಂದೇ ಸಮ ಇಳಿದು ಬರುವುದಿಲ್ಲ. ಅಲ್ಲಿ ನಾಲ್ಕು ದೊಡ್ಡ ಮಾಂಸದ ಕಂಪನಿಗಳೇ ಬಹುಪಾಲು ಕೊಬ್ಬಿಸಿದ ದನಗಳನ್ನು ಕೊಳ್ಳುತ್ತವೆ.

ಎರಡನೆಯದು ಕೋಳಿ. ಕೋಳಿ ಮಾಂಸಕ್ಕೆ ರಾಷ್ಟ್ರೀಯ ಚೆಕ್‌ಆಫ್ ಇಲ್ಲವೇ ಇಲ್ಲ. ದನಕ್ಕಿದೆ, ಹಂದಿಗಿದೆ, ಎರಡಕ್ಕೂ ಹೆಸರಾಂತ ಘೋಷಣೆಗಳಿವೆ. ಹಾಗಿದ್ದೂ ತಲಾ ಬಳಕೆಯಲ್ಲಿ ಕೋಳಿ ಎರಡನ್ನೂ ಹಿಂದೆ ಹಾಕಿ ವರ್ಷಗಳಾದವು. ಬೆಲೆ ಕಡಿಮೆ, ಅಡುಗೆ ಸುಲಭ, ಅಷ್ಟು ಸಾಕಾಯಿತು. ಪ್ರಚಾರ ಕೆಲಸ ಮಾಡುವುದಿಲ್ಲ ಅಂತಲ್ಲ. ಬೆಲೆ ಮತ್ತು ಅಭ್ಯಾಸದ ಮುಂದೆ ಅದರ ಶಕ್ತಿ ಸಣ್ಣದು.

ಇಷ್ಟು ಪ್ರಚಾರ ಮಾಡಿಯೂ ಹಾಲು ಕುಡಿಯೋದು ಯಾಕೆ ಇಳೀತು?

ಲೋಟದಲ್ಲಿ ಹಾಲು ಕುಡಿಯುವುದು ದಶಕಗಳಿಂದ ಇಳಿಯುತ್ತಲೇ ಇದೆ. ಚೀಸ್ ತಿನ್ನುವುದು ಏರುತ್ತಲೇ ಇದೆ. ಹೈನುಗಾರರ ಮಂಡಳಿಗಳು ಇದನ್ನು ಅರ್ಥ ಮಾಡಿಕೊಂಡು ಪಿಜ್ಜಾ ಕಂಪನಿ ಡಾಮಿನೋಸ್ ಜೊತೆ ಕೈಜೋಡಿಸಿದವು, ಪಿಜ್ಜಾ ಮೇಲೆ ಚೀಸ್ ಜಾಸ್ತಿ ಬೀಳಲಿ ಅಂತ. ವ್ಯಾಪಾರದ ದೃಷ್ಟಿಯಲ್ಲಿ ಜಾಣತನ. ಆದರೆ ಅದೇ ಕೃಷಿ ಇಲಾಖೆ ಇನ್ನೊಂದು ಬಾಗಿಲಲ್ಲಿ ನಿಂತು ಕೊಬ್ಬು ಕಡಿಮೆ ತಿನ್ನಿ ಅಂತ ಜನರಿಗೆ ಹೇಳುತ್ತಿತ್ತು. ಟೀಕೆ ಬರದೇ ಇರುತ್ತಾ?

## ಕೋರ್ಟು, ಓಟು, ಜಗಳ

ನನಗೆ ಬೇಡದ ಜಾಹೀರಾತಿಗೆ ನನ್ನ ದುಡ್ಡು ಯಾಕೆ? ಕೋರ್ಟಿಗೆ ಹೋಗಬಹುದಲ್ಲಾ?

ಹೋಗಿದ್ದಾರೆ. ಸುಪ್ರೀಂ ಕೋರ್ಟಿನ ತನಕ ಮೂರು ಸಲ. ಎಂಟೇ ವರ್ಷದಲ್ಲಿ ಮೂರು ಬೇರೆ ಬೇರೆ ಉತ್ತರ ಬಂದಿದೆ.

1997ರಲ್ಲಿ ಕ್ಯಾಲಿಫೋರ್ನಿಯಾದ ಪೀಚ್, ನೆಕ್ಟರಿನ್, ಪ್ಲಮ್ ಹಣ್ಣಿನವರ ಕೇಸು. ಆ ಹಣ್ಣುಗಳ ವ್ಯಾಪಾರವನ್ನು ಸರ್ಕಾರ ಮೊದಲೇ ನಾನಾ ನಿಯಮಗಳಲ್ಲಿ ಬಿಗಿದಿದೆ, ಜಾಹೀರಾತಿನ ವಂತಿಗೆ ಅದರಲ್ಲಿ ಒಂದು ಭಾಗ, ಆದ್ದರಿಂದ ಸರಿ ಅಂದಿತು ಕೋರ್ಟು. ತೀರ್ಪು 5–4.

2001ರಲ್ಲಿ ಅಣಬೆಯದು. ಟೆನ್ನೆಸಿಯ ಯುನೈಟೆಡ್ ಫುಡ್ಸ್ ಅನ್ನುವ ಕಂಪನಿ ‘ನಮ್ಮ ಅಣಬೆ ಬೇರೆಯವರದಕ್ಕಿಂತ ಚೆನ್ನಾಗಿದೆ ಅಂತ ನಾವು ಹೇಳಬೇಕು, ಎಲ್ಲ ಅಣಬೆಯೂ ಒಂದೇ ಅನ್ನುವ ಜಾಹೀರಾತಿಗೆ ನಾವ್ಯಾಕೆ ದುಡ್ಡು ಕೊಡಬೇಕು’ ಅಂತ ಕಟ್ಟುವುದನ್ನೇ ನಿಲ್ಲಿಸಿತ್ತು. ಈ ಸಲ 6–3ರಲ್ಲಿ ಕಂಪನಿ ಗೆದ್ದಿತು. ಬರೀ ಜಾಹೀರಾತಿಗೋಸ್ಕರ ಬಲವಂತದ ವಸೂಲಿ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತ ತೀರ್ಪಾಯಿತು. ಎಲ್ಲ ಮಂಡಳಿಗಳ ಕೆಳಗೂ ನೆಲ ನಡುಗಿತು.

2005ರಲ್ಲಿ ದನದವರ ಕೇಸು. ಇಲ್ಲಿ ಸರ್ಕಾರ ಹೊಸ ವಾದ ತಂದಿತು: ಈ ಜಾಹೀರಾತು ರೈತರ ಮಾತೇ ಅಲ್ಲ, ಸರ್ಕಾರದ ಮಾತು. ಸರ್ಕಾರ ತನ್ನ ಮಾತನ್ನು ಹೇಳಲು ಯಾರಿಂದಲಾದರೂ ದುಡ್ಡು ಎತ್ತಬಹುದು. 6–3ರಲ್ಲಿ ಕೋರ್ಟು ಒಪ್ಪಿತು. ಮಂಡಳಿಗಳು ಇವತ್ತು ನಿಂತಿರುವುದು ಈ ತೀರ್ಪಿನ ಮೇಲೆ.

ತಮಾಷೆ ನೋಡಿ, ಆ ಜಾಹೀರಾತುಗಳ ಮೇಲೆ ಅಚ್ಚಾಗುತ್ತಿದ್ದದ್ದು ‘ಅಮೆರಿಕದ ದನ ಸಾಕಣೆದಾರರ ದುಡ್ಡಿನಿಂದ’ ಅನ್ನುವ ಅರ್ಥದ ಸಾಲು. ಸರ್ಕಾರದ ಹೆಸರೇ ಇರಲಿಲ್ಲ. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಸೌಟರ್ ಇದನ್ನೇ ಎತ್ತಿ ಆಡಿದರು. ಗಿರಾಕಿಗೆ ರೈತನ ಮಾತು, ಕೋರ್ಟಿಗೆ ಸರ್ಕಾರದ ಮಾತು. ನನಗೂ ಈ ತರ್ಕ ಗಂಟಲಲ್ಲಿ ಇಳಿದಿಲ್ಲ.

ಓಟು ಹಾಕಿ ನಿಲ್ಲಿಸೋಕೆ ಆಗಲ್ವಾ?

ಕಾಗದದ ಮೇಲೆ ಆಗುತ್ತದೆ. ದನದ ಚೆಕ್‌ಆಫ್‌ಗೆ 1988ರಲ್ಲಿ ಓಟು ನಡೆದು ನೂರಕ್ಕೆ 79ರಷ್ಟು ಜನ ಒಪ್ಪಿದರು. ಆಮೇಲೆ ಇನ್ನೊಂದು ಓಟು ನಡೆದಿಲ್ಲ. ಆಗ ಓಟು ಹಾಕಿದವರಲ್ಲಿ ಅನೇಕರ ಮೊಮ್ಮಕ್ಕಳು ಈಗ ದನ ಸಾಕುತ್ತಿದ್ದಾರೆ. ಮತ್ತೆ ಓಟು ಬೇಕಿದ್ದರೆ ಸಾಕಣೆದಾರರಲ್ಲಿ ನೂರಕ್ಕೆ ಹತ್ತು ಜನ ಸಹಿ ಹಾಕಿ ಕೇಳಬೇಕು. ದೇಶದ ತುಂಬ ಚದುರಿರುವ ಹಟ್ಟಿಗಳನ್ನು ಸುತ್ತಿ ಸಹಿ ಕೂಡಿಸುವ ಖರ್ಚು ಯಾರು ಹಾಕುತ್ತಾರೆ?

ಹಂದಿಯವರು ಆ ಕಷ್ಟವನ್ನೂ ಪಟ್ಟರು. 2000ನೇ ಇಸವಿಯಲ್ಲಿ ಓಟು ನಡೆಯಿತು. ನೂರಕ್ಕೆ ಹೆಚ್ಚುಕಡಿಮೆ 53 ಜನ ಬೇಡ ಅಂದರೆ 47 ಜನ ಬೇಕು ಅಂದರು. 2001ರ ಜನವರಿಯಲ್ಲಿ ಅಂದಿನ ಕೃಷಿ ಸಚಿವರು ಡಾನ್ ಗ್ಲಿಕ್‌ಮನ್ ‘ಮುಗಿಸುತ್ತೇವೆ’ ಅಂತ ಘೋಷಿಸಿದರು. ಅದೇ ತಿಂಗಳು ಸರ್ಕಾರ ಬದಲಾಯಿತು. ಹಂದಿ ಉದ್ಯಮದ ಸಂಘದವರು ಕೋರ್ಟಿಗೆ ಹೋಗಿದ್ದರು. ಹೊಸ ಸಚಿವೆ ಆನ್ ವೆನಮನ್ ಫೆಬ್ರವರಿಯಲ್ಲಿ ಅವರ ಜೊತೆ ರಾಜಿ ಮಾಡಿಕೊಂಡರು. ಚೆಕ್‌ಆಫ್ ಉಳಿಯಿತು, ಇವತ್ತಿಗೂ ಇದೆ. ಓಟಿನಲ್ಲಿ ಗೆದ್ದವರು ಇವತ್ತಿಗೂ ಕಟ್ಟುತ್ತಿದ್ದಾರೆ.

ಕ್ರಿಸ್ಮಸ್ ಮರಕ್ಕೂ ತೆರಿಗೆ ಹಾಕಿದ್ರು ಅಂತ ಗಲಾಟೆ ಆಗಿತ್ತಲ್ಲ, ಅದೇನು?

ಪ್ಲಾಸ್ಟಿಕ್ ಮರಗಳ ಪೈಪೋಟಿ ತಡೆಯಲಾಗದೆ ಬೆಳೆಗಾರರೇ ಕೇಳಿಕೊಂಡ ಚೆಕ್‌ಆಫ್ ಅದು. ಮರಕ್ಕೆ 15 ಸೆಂಟ್. 2011ರಲ್ಲಿ ಆದೇಶ ಬಂದ ಕೂಡಲೇ ‘ಹಬ್ಬಕ್ಕೆ ತೆರಿಗೆ’ ಅಂತ ಗುಲ್ಲೆದ್ದು ಸರ್ಕಾರ ಅದನ್ನು ತಡೆಹಿಡಿಯಿತು. 2014ರ ಕೃಷಿ ಕಾಯ್ದೆ ಆ ತಡೆ ತೆಗೆಯಿತು.

ಸಣ್ಣ ರೈತರ ದುಡ್ಡಲ್ಲಿ ದೊಡ್ಡ ಸಂಘಗಳು ಬೆಳೀತಿವೆ ಅನ್ನೋ ದೂರು ನಿಜಾನಾ?

ದೂರಿಗೆ ಆಧಾರ ಇದೆ. ದನದ ಮಂಡಳಿ ನೇರವಾಗಿ ಕೆಲಸ ಮಾಡದೆ ಗುತ್ತಿಗೆ ಕೊಡುತ್ತದೆ. ಆ ಗುತ್ತಿಗೆಯ ಸಿಂಹಪಾಲು ಹೋಗುವುದು ರಾಷ್ಟ್ರೀಯ ದನ ಸಾಕಣೆದಾರರ ಸಂಘ ಎನ್‌ಸಿಬಿಎಗೆ. ಅದೇ ಸಂಘ ಇನ್ನೊಂದು ಕೈಯಲ್ಲಿ ಸದಸ್ಯರ ಚಂದಾ ದುಡ್ಡಿನಿಂದ ಲಾಬಿಯನ್ನೂ ಮಾಡುತ್ತದೆ. ಎರಡು ಲೆಕ್ಕಗಳ ಮಧ್ಯೆ ಗೋಡೆ ಇದೆ ಅನ್ನುತ್ತಾರೆ. 2010ರ ಆಡಿಟ್‌ನಲ್ಲಿ ಆ ಗೋಡೆಯಲ್ಲಿ ಸಂದು ಕಂಡಿತು. ಸಂಘ 2 ಲಕ್ಷ ಡಾಲರಿಗೂ ಜಾಸ್ತಿ ವಾಪಸ್ ಕೊಡಬೇಕಾಯಿತು.

ಹಂದಿಯ ಕಡೆ ಇನ್ನೂ ವಿಚಿತ್ರ. ‘ಇನ್ನೊಂದು ಬಿಳಿ ಮಾಂಸ’ ಅನ್ನುವ ಅರ್ಥದ ಘೋಷಣೆಯ ಹಕ್ಕು ಉದ್ಯಮದ ಸಂಘದ ಹೆಸರಲ್ಲಿತ್ತು. 2006ರಲ್ಲಿ ಮಂಡಳಿ ಅದನ್ನು ಸುಮಾರು 3.5 ಕೋಟಿ ಡಾಲರಿಗೆ ಕೊಂಡಿತು, ವರ್ಷಕ್ಕೆ 30 ಲಕ್ಷದಂತೆ ಕಂತು. 2011ರಲ್ಲಿ ಮಂಡಳಿ ಹೊಸ ಘೋಷಣೆ ಮಾಡಿಕೊಂಡಿತು. ಹಳೆಯದು ಮೂಲೆ ಸೇರಿತು. ಕಂತು ಮಾತ್ರ ನಿಲ್ಲಲಿಲ್ಲ. ಇದರ ಮೇಲೂ ಕೇಸು ಬಿತ್ತು.

ಲೆಕ್ಕ ಬಹಿರಂಗ ಮಾಡಿ, ಲಾಬಿ ಮಾಡುವ ಸಂಘಗಳಿಗೆ ಗುತ್ತಿಗೆ ಕೊಡಬೇಡಿ ಅನ್ನುವ ಮಸೂದೆ 2017ರಿಂದ ಸಂಸತ್ತಿನಲ್ಲಿ ಬಂದು ಹೋಗುತ್ತಿದೆ. ಅದರ ಹಿಂದೆ ರಿಪಬ್ಲಿಕನ್ ಮೈಕ್ ಲೀಯೂ ಇದ್ದಾರೆ, ಡೆಮಾಕ್ರಟ್ ಕೋರಿ ಬೂಕರ್ ಕೂಡ ಇದ್ದಾರೆ. ಇಬ್ಬರೂ ಒಂದೇ ಕಡೆ ನಿಲ್ಲುವುದು ಅಪರೂಪ.

ಬೇರೆ ದೇಶಗಳಲ್ಲಿ ಇದಕ್ಕಿಂತ ಚೆನ್ನಾಗಿ ಮಾಡಿದ್ದಾರಾ?

ಓಟಿನ ವಿಷಯದಲ್ಲಿ ಹೌದು. ಆಸ್ಟ್ರೇಲಿಯಾದಲ್ಲಿ ಉಣ್ಣೆ ಬೆಳೆಗಾರರು ವಂತಿಗೆ ಎಷ್ಟಿರಬೇಕು ಅಂತ ಮತ ಹಾಕಿ ತೀರ್ಮಾನಿಸುವ ಪದ್ಧತಿ ಬೆಳೆಸಿದರು. ಆಯ್ಕೆಗಳಲ್ಲಿ ಸೊನ್ನೆಯೂ ಇರುತ್ತದೆ. 2018ರಲ್ಲಿ ಅವರು ನೂರಕ್ಕೆ 2 ಇದ್ದದ್ದನ್ನು 1.5ಕ್ಕೆ ಇಳಿಸಿದರು. ನ್ಯೂಜಿಲೆಂಡಿನ 1990ರ ಕಾಯ್ದೆಯಲ್ಲಿ ವಂತಿಗೆಗೆ ಅವಧಿ ಇದೆ. ಆರು ವರ್ಷಕ್ಕೊಮ್ಮೆ ರೈತರು ಮತ್ತೆ ಒಪ್ಪದಿದ್ದರೆ ತಾನಾಗಿಯೇ ರದ್ದು. 2009ರಲ್ಲಿ ಉಣ್ಣೆಯವರು ಹಾಗೇ ರದ್ದು ಮಾಡಿದರು. ಬ್ರಿಟನ್ನಿನಲ್ಲಿ 2021ರಲ್ಲಿ ಆಲೂಗಡ್ಡೆ ಮತ್ತು ತೋಟಗಾರಿಕೆ ಬೆಳೆಗಾರರು ಬೇಡ ಅಂದರು, ಸರ್ಕಾರ ಒಪ್ಪಿ ನಿಲ್ಲಿಸಿತು. ಅದರ ಜೊತೆಗೆ ರೋಗ, ತಳಿಗಳ ಮೇಲೆ ನಡೆಯುತ್ತಿದ್ದ ಸಂಶೋಧನೆಯೂ ನಿಂತಿತು. ಆ ಕೆಲಸಕ್ಕೆ ಇನ್ನು ದುಡ್ಡು ಎಲ್ಲಿಂದ ಅಂತ ಕೆಲವು ಬೆಳೆಗಾರರೇ ಆಮೇಲೆ ಕೇಳತೊಡಗಿದರು.

ನಾನು ಕಟ್ಟಲ್ಲ ಅಂದ್ರೆ ಏನಾಗುತ್ತೆ?

ರೈತನಿಗೆ ಹಾಗೆ ಅನ್ನುವ ಅವಕಾಶವೇ ಕಡಿಮೆ, ದುಡ್ಡು ಕೈಗೆ ಬರುವ ಮುಂಚೆಯೇ ಮುರಿದಿರುತ್ತದೆ. ಮುರಿಯದೆ ಬಿಟ್ಟ, ಮುರಿದು ಕಳಿಸದ ಖರೀದಿದಾರನ ಮೇಲೆ ಬಡ್ಡಿ, ದಂಡ, ಆಮೇಲೆ ಕೇಸು. ಮೊದಲು ಹತ್ತಿಯವರು ಕಟ್ಟಿದ್ದನ್ನು ಅರ್ಜಿ ಹಾಕಿ ವಾಪಸ್ ಪಡೆಯಬಹುದಿತ್ತು. 1990ರ ತಿದ್ದುಪಡಿ ಅದನ್ನೂ ತೆಗೆಯಿತು.